ಹೃದಯದ ಕಾಯಕ

ಕನ್ನಡದ ನುಡಿಗಟ್ಟುಗಳಲ್ಲಿ ಎದೆಗೆ ವಿಶೇಷವಾದ ಸ್ಥಾನವಿದೆ. ಧೈರ್ಯಶಾಲಿಯನ್ನು ಎದೆಗಾರನೆಂದೂ ಕರುಣೆಯಿಲ್ಲದವನನ್ನು ಕಲ್ಲೆದೆಯವನೆಂದೂ ಕರೆಯುವುದುಂಟು. ಭಯದಿಂದ ಎದೆ ನಡುಗುತ್ತದೆ; ಸಂತೋಷದಿಂದ ಎದೆ ತುಂಬಿ ಬರುತ್ತದೆ. ಭಾವನೆಗಳ ನೆಲೆ ಮಿದುಳೇ ಹೊರತು ಹೃದಯವಲ್ಲವೆಂದು ವಿಜ್ಞಾನ ತಿಳಿಸಿಕೊಟ್ಟಿದೆ. ಆದರೂ ಹಿರಿಯರ ಮಾತು ನಿರಾಧಾರವಾದುದಲ್ಲ. ಭಯವಾದಾಗ ಎದೆಬಡಿತ ಹೆಚ್ಚುವುದು ಎಲ್ಲರ ಅನುಭವಕ್ಕೂ ಬಂದಿರುವ ಸಂಗತಿ. ಮನಸ್ಸಿನ ಕರೆಗೂ ದೇಹದ ಕರೆಗೂ ತಡಮಾಡದೆ ಓಗೊಡುವ ಈ ಅಂಗದ ಕಾಯಕವಾದರೂ ಎಂಥದು?

ಹೃದಯವು ಎದೆಗೂಡಿನಲ್ಲಿ ಎರಡು ಶ್ವಾಸಕೋಶಗಳ ನಡುವೆ, ತುಸು ಎಡಕ್ಕೆ ವಾಲಿಕೊಂಡಿರುವ ಸ್ನಾಯುಮಯವಾದ ಅಂಗ. ಗಾತ್ರದಲ್ಲಿ ಅದು ಅವರವರ ಮುಷ್ಟಿಯಷ್ಟು. ವಯಸ್ಕರಲ್ಲಿ ಅದರ ತೂಕ ಸುಮಾರು 300 ಗ್ರಾಂ. ವಿಶ್ರಾಂತಿಯಲ್ಲಿರುವ ವಯಸ್ಕನ ಹೃದಯ ನಿಮಿಷಕ್ಕೆ ಸರಾಸರಿ 72 ಬಾರಿ ಮಿಡಿಯುತ್ತದೆ. ಒಂದೊಂದು ಮಿಡಿತಕ್ಕೂ ಸುಮಾರು 70 ಮಿಲಿಲೀಟರು ರಕ್ತವನ್ನು ಅದು ದೇಹಕ್ಕೆ ದೂಡುತ್ತದೆ. ಲೆಕ್ಕ ಹಾಕಿದರೆ ಇದು ನಿಮಿಷಕ್ಕೆ 5 ಲೀಟರು, ದಿನಕ್ಕೆ 7,200 ಲೀಟರು ಆಗುತ್ತದೆ. 15 ಲೀಟರು ಹಿಡಿಯುವ ಕೊಡದಿಂದ ಇಷ್ಟು ನೀರನ್ನು ಬಾವಿಯಿಂದ ಸೇದಬೇಕಾದರೆ 480 ಕೊಡಗಳನ್ನು ಮೇಲೆತ್ತಬೇಕು. ಮುಷ್ಟಿಯಷ್ಟು ಮಾಂಸಖಂಡವೊಂದು ಪ್ರತಿದಿನವೂ, ಬಾಳಿನುದ್ದಕ್ಕೂ ಈ ಕೆಲಸವನ್ನು ಮಾಡುತ್ತದೆ.

ಹೃದಯದಲ್ಲಿ ನಾಲ್ಕು ಕೋಣೆಗಳಿವೆ. ಮೇಲಿನ ಎರಡು ಹೃತ್ಕರ್ಣಗಳು. ಕೆಳಗಿನ ಎರಡು ಹೃತ್ಕುಕ್ಷಿಗಳು. ದೇಹವನ್ನೆಲ್ಲ ಸುತ್ತಿ ಆಮ್ಲಜನಕವನ್ನು ಕೊಟ್ಟು ಇಂಗಾಲದ ಡೈಆಕ್ಸೈಡನ್ನು ಹೊತ್ತು ಬರುವ ರಕ್ತ ಬಲ ಹೃತ್ಕರ್ಣವನ್ನು ಸೇರುತ್ತದೆ. ಅಲ್ಲಿಂದ ಬಲ ಹೃತ್ಕುಕ್ಷಿಗೆ ಇಳಿದು, ಶ್ವಾಸಕೋಶಗಳಿಗೆ ಹೋಗಿ ಶುದ್ಧವಾಗುತ್ತದೆ. ಶುದ್ಧವಾದ ರಕ್ತ ಎಡ ಹೃತ್ಕರ್ಣಕ್ಕೆ ಮರಳಿ, ಎಡ ಹೃತ್ಕುಕ್ಷಿಯ ಮೂಲಕ ಮಹಾ ಅಪಧಮನಿಯನ್ನು ಹೊಕ್ಕು ಸರ್ವಾಂಗಗಳಿಗೂ ಹರಿಯುತ್ತದೆ. ಈ ಮಾರ್ಗದಲ್ಲಿ ನಾಲ್ಕು ಕವಾಟಗಳಿವೆ. ಅವು ಒಂದೇ ಕಡೆಗೆ ತೆರೆಯುವ ಬಾಗಿಲುಗಳಂತೆ. ಮುಂದೆ ಹೋದ ರಕ್ತ ಹಿಂದಕ್ಕೆ ಬರಲು ಬಿಡುವುದಿಲ್ಲ. ಎದೆಗೆ ಕಿವಿಗೊಟ್ಟರೆ ಕೇಳುವ ‘ಲಬ್-ಡಬ್’ ಎಂಬ ಶಬ್ದ ಈ ಕವಾಟಗಳು ಮುಚ್ಚಿಕೊಳ್ಳುವಾಗ ಉಂಟಾಗುವಂಥದು.

ಇಂದು ಸರಳವಾಗಿ ಕಾಣುವ ಈ ಸತ್ಯವನ್ನು ಅರಿಯಲು ಮನುಷ್ಯನಿಗೆ ಬಹುಕಾಲ ಹಿಡಿಯಿತು. ರಕ್ತವು ಯಕೃತ್ತಿನಲ್ಲಿ ಹುಟ್ಟಿ ಅಂಗಾಂಗಗಳಲ್ಲಿ ವ್ಯಯವಾಗಿ ಹೋಗುತ್ತದೆಂದು ಎರಡನೆಯ ಶತಮಾನದ ಗ್ರೀಕ್ ವೈದ್ಯ ಗೇಲನ್ ಹೇಳಿದ್ದನು. ಯೂರೋಪಿನ ವೈದ್ಯರು ಅದನ್ನೇ ಶತಮಾನಗಳ ಕಾಲ ಪ್ರಮಾಣವೆಂದು ನಂಬಿದ್ದರು. ಇಂಗ್ಲೆಂಡಿನ ವಿಲಿಯಂ ಹಾರ್ವೆ ನಂಬಿಕೆಗೆ ಬದಲಾಗಿ ಲೆಕ್ಕವನ್ನು ಆಶ್ರಯಿಸಿದನು. ಒಂದು ಮಿಡಿತಕ್ಕೆ ಹೊರಬೀಳುವ ರಕ್ತವನ್ನು ಅರ್ಧ ಗಂಟೆಯ ಮಿಡಿತಗಳ ಸಂಖ್ಯೆಯಿಂದ ಗುಣಿಸಿದಾಗ, ಅದು ಇಡೀ ದೇಹದಲ್ಲಿರುವ ರಕ್ತಕ್ಕಿಂತ ಹೆಚ್ಚಾಗಿತ್ತು. ಅಷ್ಟು ರಕ್ತವನ್ನು ದೇಹ ಕ್ಷಣಕ್ಷಣಕ್ಕೂ ಹೊಸದಾಗಿ ತಯಾರಿಸುವುದು ಅಸಾಧ್ಯ. ಆದ್ದರಿಂದ ಅದೇ ರಕ್ತ ಮತ್ತೆ ಮತ್ತೆ ಸುತ್ತಿ ಬರುತ್ತಿರಬೇಕೆಂದು ಅವನು ತರ್ಕಿಸಿದನು. ತೋಳಿಗೆ ಪಟ್ಟಿ ಕಟ್ಟಿ, ಅಭಿಧಮನಿಗಳಲ್ಲಿರುವ ಕವಾಟಗಳು ರಕ್ತವನ್ನು ಹೃದಯದ ಕಡೆಗೆ ಮಾತ್ರ ಬಿಡುತ್ತವೆಂದು ತೋರಿಸಿದನು. 1628ರಲ್ಲಿ ಅವನ ಗ್ರಂಥ ಪ್ರಕಟವಾಯಿತು. ಅಪಧಮನಿಗಳನ್ನೂ ಅಭಿಧಮನಿಗಳನ್ನೂ ಜೋಡಿಸುವ ಸೂಕ್ಷ್ಮವಾದ ಲೋಮನಾಳಗಳನ್ನು ಮಾತ್ರ ಅವನು ಕಾಣಲಿಲ್ಲ. ಅವನು ತೀರಿಕೊಂಡ ನಾಲ್ಕು ವರ್ಷಗಳ ಮೇಲೆ, 1661ರಲ್ಲಿ, ಇಟಲಿಯ ಮಾಲ್ಪಿಘಿ ಕಪ್ಪೆಯ ಶ್ವಾಸಕೋಶದಲ್ಲಿ ಸೂಕ್ಷ್ಮದರ್ಶಕದ ಸಹಾಯದಿಂದ ಅವುಗಳನ್ನು ಕಂಡನು.

ಹೃದಯಕ್ಕೆ ವಿಶ್ರಾಂತಿಯೇ ಇಲ್ಲವೆಂಬ ಮಾತು ಪೂರ್ತಿ ನಿಜವಲ್ಲ. ಒಂದು ಮಿಡಿತಕ್ಕೆ ತಗಲುವ ಕಾಲ ಸುಮಾರು 0.8 ಸೆಕೆಂಡು. ಅದರಲ್ಲಿ ಹೃತ್ಕುಕ್ಷಿಗಳು ಸಂಕುಚಿಸುವುದು ಸುಮಾರು 0.3 ಸೆಕೆಂಡು, ಉಳಿದ 0.5 ಸೆಕೆಂಡು ಅವು ಸಡಿಲಗೊಂಡು ರಕ್ತವನ್ನು ತುಂಬಿಕೊಳ್ಳುತ್ತವೆ. ಕೆಲಸದ ನಡುನಡುವೆಯೇ ವಿಶ್ರಮಿಸುವ ಜಾಣ್ಮೆ ಹೃದಯಕ್ಕೆ ಸಹಜವಾಗಿ ಬಂದಿದೆ. ಮತ್ತೊಂದು ವಿಶೇಷವೂ ಉಂಟು. ಕೋಣೆಗಳ ತುಂಬ ರಕ್ತವಿದ್ದರೂ ಹೃದಯದ ದಪ್ಪ ಸ್ನಾಯು ಅದರಿಂದ ನೇರವಾಗಿ ಪೋಷಣೆ ಪಡೆಯಲಾರದು. ಮಹಾ ಅಪಧಮನಿಯ ಬುಡದಿಂದ ಕವಲೊಡೆಯುವ ಎರಡು ಕರೋನರಿ ಅಪಧಮನಿಗಳು ಅದಕ್ಕೆ ರಕ್ತವನ್ನು ಒದಗಿಸುತ್ತವೆ. ಊರಿಗೆಲ್ಲ ಉಣಬಡಿಸುವವನು ತನ್ನ ಊಟಕ್ಕೆ ಎರಡು ಕಿರಿದಾದ ದಾರಿಗಳನ್ನೇ ನಂಬಿಕೊಂಡಂತಾಯಿತು. ಕವಾಟಗಳು ಕೆಡುವುದು, ಈ ದಾರಿಗಳು ಮುಚ್ಚಿಕೊಳ್ಳುವುದು, ಇವೆರಡೂ ಸಾಮಾನ್ಯವಾಗಿ ಕಂಡುಬರುವ ಹೃದ್ರೋಗಗಳಿಗೆ ಕಾರಣವಾಗಿವೆ.

ಕವಾಟಗಳ ರೋಗ ಹಲವು ವೇಳೆ ಬಾಲ್ಯದಲ್ಲಿಯೇ ಆರಂಭವಾಗುತ್ತದೆ. ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯದಿಂದ ಗಂಟಲು ನೋವು ಬಂದ ಮಕ್ಕಳಲ್ಲಿ ಕೆಲವರಿಗೆ ಎರಡು ಮೂರು ವಾರಗಳ ತರುವಾಯ ರುಮ್ಯಾಟಿಕ್ ಜ್ವರ ಬರುತ್ತದೆ. ಮೊಣಕಾಲು, ಮೊಣಕೈ, ಹರಡುಗಳು ಊದಿಕೊಂಡು ನೋಯುತ್ತವೆ. ನೋವು ಒಂದು ಕೀಲಿನಿಂದ ಮತ್ತೊಂದಕ್ಕೆ ಹರಿದಾಡುತ್ತದೆ. ಐದರಿಂದ ಹದಿನೈದು ವರ್ಷದ ಮಕ್ಕಳಲ್ಲಿ ಇದು ಹೆಚ್ಚು. ಬ್ಯಾಕ್ಟೀರಿಯದ ಮೇಲೆ ಹೋರಾಡಬೇಕಾದ ದೇಹದ ರಕ್ಷಣಾಶಕ್ತಿ ದಾರಿ ತಪ್ಪಿ ಹೃದಯದ ಕವಾಟಗಳನ್ನೇ ಘಾಸಿಗೊಳಿಸುತ್ತದೆ. ಕೀಲುನೋವು ಕೆಲವು ದಿನಗಳಲ್ಲಿ ಮಾಯವಾಗುವುದರಿಂದ ಮನೆಯವರು ಅದನ್ನು ಮರೆತುಬಿಡುತ್ತಾರೆ. ಆದರೆ ಕವಾಟಕ್ಕೆ ಆದ ಗಾಯ ಉಳಿದು, ವರ್ಷಗಳ ಮೇಲೆ ಏದುಸಿರಾಗಿ ಕಾಣಿಸಿಕೊಳ್ಳುತ್ತದೆ. ಗಂಟಲು ನೋವಿಗೆ ಸಕಾಲದಲ್ಲಿ ಪೆನಿಸಿಲಿನ್ ಚಿಕಿತ್ಸೆಯಾದರೆ ಈ ಅನಾಹುತವನ್ನು ತಪ್ಪಿಸಬಹುದು. ಒಮ್ಮೆ ಜ್ವರ ಬಂದವರು ವೈದ್ಯರು ಹೇಳಿದಷ್ಟು ವರ್ಷ ತಪ್ಪದೆ ಪೆನಿಸಿಲಿನ್ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು.

ತೀರ ಕೆಟ್ಟ ಕವಾಟವನ್ನು ತೆಗೆದು ಕೃತಕ ಕವಾಟವನ್ನು ಜೋಡಿಸುವುದುಂಟು. ವಿದೇಶದ ಕವಾಟಗಳ ಬೆಲೆ ಭಾರತದ ಬಡವರಿಗೆ ನಿಲುಕುವಂತಿರಲಿಲ್ಲ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಶಸ್ತ್ರವೈದ್ಯ ಡಾ. ಎಂ. ಎಸ್. ವಲಿಯತ್ತಾನ್ ಮತ್ತು ಅವರ ಸಂಗಡಿಗರು ಭಾರತದಲ್ಲಿಯೇ ಕವಾಟವನ್ನು ತಯಾರಿಸಲು ಮುಂದಾದರು. ಮೊದಲ ಮಾದರಿಗಳು ಪರೀಕ್ಷೆಯಲ್ಲಿ ಸೋತವು. ಅವರು ಎದೆಗುಂದಲಿಲ್ಲ. ಲೋಹದ ಬಳೆಯೊಳಗೆ ಪ್ಲಾಸ್ಟಿಕ್ಕಿನ ಬಿಲ್ಲೆ ವಾಲಿ ತೆರೆದು ಮುಚ್ಚುವ ಚಿತ್ರಾ ಕವಾಟ ಕೊನೆಗೂ ಸಿದ್ಧವಾಗಿ, 1990ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಹೃದಯವನ್ನು ಸೇರಿತು. ಅಂದಿನಿಂದ ಅದು ಸಾವಿರಾರು ಜನರ ಪ್ರಾಣವನ್ನು ಉಳಿಸಿದೆ.

ಎರಡನೆಯ ಬಗೆಯ ರೋಗ ಕರೋನರಿ ಅಪಧಮನಿಗಳದು. ಅವುಗಳ ಒಳಗೋಡೆಯಲ್ಲಿ ಕೊಬ್ಬಿನ ಅಂಶ ವರ್ಷಗಟ್ಟಲೆ ಸಂಚಯವಾಗಿ ದಾರಿ ಕಿರಿದಾಗುತ್ತದೆ. ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾಗಿ, ನಿಂತರೆ ಕಡಮೆಯಾಗುವ ನೋವು ಇದರ ಮುನ್ಸೂಚನೆ. ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಪೂರ್ಣವಾಗಿ ಮುಚ್ಚಿದರೆ ಹೃದಯಾಘಾತವಾಗುತ್ತದೆ. ರಕ್ತ ದೊರೆಯದ ಸ್ನಾಯು ಸಾಯತೊಡಗುತ್ತದೆ. ಎದೆಯ ನಡುವೆ ಅದುಮಿದಂಥ ನೋವು, ಅದು ಎಡತೋಳಿಗೋ ದವಡೆಗೋ ಹರಡುವುದು, ತಣ್ಣನೆಯ ಬೆವರು, ಉಸಿರು ಕಟ್ಟುವುದು ಇದರ ಲಕ್ಷಣಗಳು. ಹೆಂಗಸರಲ್ಲಿ, ವೃದ್ಧರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ನೋವು ಅಷ್ಟಾಗಿ ಕಾಣದೆಯೂ ಇರಬಹುದು. ವಾಯುವೆಂದು ತಿಳಿದು ಸೋಡ ಕುಡಿದು ಮಲಗುವವರ ಅಮೂಲ್ಯವಾದ ವೇಳೆ ವ್ಯರ್ಥವಾಗುತ್ತದೆ. ಹೆಪ್ಪನ್ನು ಕರಗಿಸುವ ಔಷಧಿಗಳೂ ಮುಚ್ಚಿದ ದಾರಿಯನ್ನು ಬಿಡಿಸುವ ಚಿಕಿತ್ಸೆಯೂ ಇಂದು ಇವೆ. ಆದರೆ ಅವು ಫಲ ಕೊಡುವುದು ರೋಗಿ ಬೇಗನೆ ಆಸ್ಪತ್ರೆಯನ್ನು ಸೇರಿದರೆ ಮಾತ್ರ. ಮನೆಯಲ್ಲಿ ಇಂಥ ಲಕ್ಷಣಗಳನ್ನು ಕಂಡ ವಿದ್ಯಾರ್ಥಿ ಕೂಡಲೇ 108ಕ್ಕೆ ಕರೆಮಾಡಿದರೆ ಒಂದು ಜೀವ ಉಳಿಯಬಹುದು.

ರಕ್ತದೊತ್ತಡ 140/90ಕ್ಕಿಂತ ಮೇಲೇರಿ ಹಾಗೆಯೇ ಉಳಿದರೆ ಹೃದಯ ಹೆಚ್ಚು ದುಡಿಯಬೇಕಾಗುತ್ತದೆ. ಅದಕ್ಕೆ ನೋವಿಲ್ಲ, ಗುರುತಿಲ್ಲ. ಅಳತೆ ಮಾಡಿಸಿಯೇ ತಿಳಿಯಬೇಕು. ಬೀಡಿ, ಸಿಗರೇಟು, ಅತಿಯಾದ ಉಪ್ಪು ಮತ್ತು ಕರಿದ ತಿಂಡಿ, ಮೈಬಗ್ಗಿಸದ ಬದುಕು, ಇವು ಹೃದಯದ ಶತ್ರುಗಳು. ಈ ಅಭ್ಯಾಸಗಳು ಬೇರೂರುವುದು ಎಳೆಯ ವಯಸ್ಸಿನಲ್ಲಿ. ಫಲ ಕಾಣುವುದು ನಡುವಯಸ್ಸಿನಲ್ಲಿ.

ಗಂಟಲು ನೋವು, ಕೀಲಿನ ಊತ, ಮೆಟ್ಟಿಲ ಮೇಲಿನ ಏದುಸಿರು, ಇವೆಲ್ಲ ಚಿಕ್ಕ ಸಂಗತಿಗಳು. ಆದರೆ ಹೃದಯ ತನ್ನ ಕಷ್ಟವನ್ನು ಹೇಳಿಕೊಳ್ಳುವುದು ಇಂಥ ಚಿಕ್ಕ ಸಂಗತಿಗಳಿಂದಲೇ. ಹಗಲಿರುಳೆನ್ನದೆ ದುಡಿಯುವ ಅದರ ಮಾತನ್ನು ಮೊದಲ ಬಾರಿಗೆ ಹೇಳಿದಾಗಲೇ ಕೇಳಿಸಿಕೊಳ್ಳುವುದು ವಿವೇಕಿಗಳ ಲಕ್ಷಣ.