ಹುಚ್ಚಾಸ್ಪತ್ರೆಯ ಕಾದಂಬರಿಗಳಲ್ಲಿ ನಮ್ಮೂರ ಹೆಣ್ಣುಮಕ್ಕಳು ಯಾಕಿಲ್ಲ?

ಹತ್ತೊಂಬತ್ತನೇ ಶತಮಾನದ ಹುಚ್ಚಾಸ್ಪತ್ರೆಗಳಲ್ಲಿ ಕೂಡಿಹಾಕಲಾದ ಹೆಂಗಸರ ಬಗ್ಗೆ ಸಾಕಷ್ಟು ಐತಿಹಾಸಿಕ ಕಾದಂಬರಿಗಳು ಬಂದಿವೆ. ಫ್ರೆಂಚ್ ಲೇಖಕಿ ವಿಕ್ಟೋರಿಯಾ ಮಾಸ್ 2019ರಲ್ಲಿ ಬರೆದ ಕಾದಂಬರಿ ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯೊಳಗಿನ 1885ರ ಕತೆ. ಮಾರ್ಗರೆಟ್ ಅಟ್‌ವುಡ್ ಅವರ 'ಏಲಿಯಾಸ್ ಗ್ರೇಸ್' (1996) ಕೆನಡಾದ ಗ್ರೇಸ್ ಮಾರ್ಕ್ಸ್ ಎಂಬ ಮನೆಗೆಲಸದ ಹುಡುಗಿಯದ್ದು. 1843ರ ಕೊಲೆ ಪ್ರಕರಣದಲ್ಲಿ ಶಿಕ್ಷೆಯಾದ ಈಕೆ ಕೆಲಕಾಲ ಹುಚ್ಚಾಸ್ಪತ್ರೆಯಲ್ಲೂ ಇದ್ದವಳು. ಇಂಥ ಕತೆಗಳ ಹಂದರ ನಮಗೀಗ ಪರಿಚಿತ: ಮಾತು ಕೇಳದ ಮಗಳು ಅಥವಾ ಬೇಡವಾದ ಹೆಂಡತಿ, ಅಪ್ಪನದೋ ಗಂಡನದೋ ಒಂದು ಸಹಿ, ಡಾಕ್ಟರ ಒಂದು ಸರ್ಟಿಫಿಕೇಟು. ಆಮೇಲೆ ಎತ್ತರದ ಗೋಡೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಬಗ್ಗೆ ಇಂಥದ್ದೊಂದು ಕಾದಂಬರಿ ಬರೆಯಬಹುದಾ? ಇದೇ ಸೀಮೆಯವಳಾದ ನನ್ನ ಉತ್ತರ: ಬರೆಯಬಹುದು, ಆದರೆ ಗೋಡೆಯನ್ನು ಬೇರೆ ಕಡೆ ಕಟ್ಟಬೇಕಾಗುತ್ತೆ. ಯಾಕೆ ಅಂತ ಹೇಳ್ತೀನಿ.

ಮೊದಲು ಭೂಗೋಳ. ಬೆಂಗಳೂರಿನಲ್ಲಿ 1847ರಲ್ಲೇ ಹುಚ್ಚಾಸ್ಪತ್ರೆ ಶುರುವಾಯ್ತು. ಇವತ್ತಿನ ನಿಮ್ಹಾನ್ಸ್‌ನ ಬೇರು ಅದೇ. ಆದರೆ ಅದು ಮೈಸೂರು ಸಂಸ್ಥಾನದ್ದು. ನಮ್ಮ ಸೀಮೆ 1953ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಮದ್ರಾಸಿನ ದೊಡ್ಡ ಹುಚ್ಚಾಸ್ಪತ್ರೆ 1871ರಿಂದ ಕಿಲ್ಪಾಕ್‌ನಲ್ಲಿತ್ತು. ಹಡಗಲಿಯಿಂದ ಮದ್ರಾಸಿಗೆ ಎಷ್ಟು ದೂರ, ನೀವೇ ಲೆಕ್ಕ ಹಾಕಿ.

ಎರಡನೆಯದು ಕಾನೂನು. 1858ರ ಕಾಯ್ದೆಯ ಪ್ರಕಾರ ಬೀದಿಯಲ್ಲಿ ಅಲೆಯುವ 'ಹುಚ್ಚ'ರನ್ನು ಪೊಲೀಸರು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಿತ್ತು, ಅಲ್ಲಿಂದ ಆಸ್ಪತ್ರೆಗೆ. ಮನೆಯವರೇ ಅರ್ಜಿ ಹಾಕಿ ಸೇರಿಸುವ ದಾರಿಯೂ ಇತ್ತು, ಆದರೆ ಅದಕ್ಕೆ ಡಾಕ್ಟರ ಸರ್ಟಿಫಿಕೇಟು ಬೇಕು. ಆ ಕಾಲದ ಹಳ್ಳಿಯಲ್ಲಿ ಅಂಥ ಡಾಕ್ಟರು ಎಲ್ಲಿಂದ ಬರಬೇಕು? ಬ್ರಿಟಿಷ್ ಇಂಡಿಯಾದ ಹುಚ್ಚಾಸ್ಪತ್ರೆಗಳಲ್ಲಿ ಹೆಂಗಸರ ಸಂಖ್ಯೆ ಗಂಡಸರಿಗಿಂತ ಬಹಳ ಕಡಿಮೆ ಇತ್ತು. ಹಾಗಂತ ನಮ್ಮ ಹೆಂಗಸರು ಆರಾಮಾಗಿದ್ರು ಅಂತಲ್ಲ. ಅವರು ಬೀದಿಗೇ ಬರಲಿಲ್ಲ, ಅಷ್ಟೇ. 'ಗಾಳಿ ಸೋಕೈತಿ' ಅಂದರು, ಗುಡಿಗೆ ಕರೆದೊಯ್ದರು, ಹಿಂದಿನ ಕೋಣೆಯಲ್ಲಿ ಇಟ್ಟರು. ಅದಕ್ಕೆ ರಿಜಿಸ್ಟರ್ ಇರಲಿಲ್ಲ. ಪ್ಯಾರಿಸ್ಸಿನ ಹೆಂಗಸರ ಬಗ್ಗೆ ಫೈಲಿದೆ, ಫೋಟೊ ಇದೆ, ಹಾಗಾಗಿ ಕಾದಂಬರಿಯೂ ಇದೆ. ನಮ್ಮವರ ಬಗ್ಗೆ ಇರೋದು ಮನೆಮಂದಿಯ ಪಿಸುಮಾತು ಮಾತ್ರ.

ಕನ್ನಡದಲ್ಲಿ ಇದನ್ನು ಮೊದಲೇ ಕಂಡುಕೊಂಡವರು ತ್ರಿವೇಣಿ. 1963ರಲ್ಲಿ ತೀರಿಕೊಂಡ ಈ ಲೇಖಕಿ ಓದಿದ್ದು ಮನಶ್ಶಾಸ್ತ್ರ. ಅವರ 'ಶರಪಂಜರ' ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದರು. ಅದರ ಕಾವೇರಿಗೆ ಬಾಣಂತನದಲ್ಲಿ ಮಾನಸಿಕ ಕಾಯಿಲೆ ಬರುತ್ತೆ, ಆಸ್ಪತ್ರೆಯಲ್ಲಿ ವಾಸಿಯೂ ಆಗುತ್ತೆ. ವಾಸಿಯಾಗಿ ಬಂದವಳನ್ನು ಗಂಡ, ನೆಂಟರು, ನೆರೆಹೊರೆ ಯಾರೂ ವಾಸಿಯಾದವಳಂತೆ ನೋಡಲ್ಲ. ಪಾಶ್ಚಾತ್ಯ ಕಾದಂಬರಿಯಲ್ಲಿ ಆಸ್ಪತ್ರೆಯೇ ಪಂಜರ. ತ್ರಿವೇಣಿಯವರಲ್ಲಿ ಮನೆಯೇ ಪಂಜರ. ನನಗೆ ನಮ್ಮ ನೆಲದ ಸತ್ಯಕ್ಕೆ ಹತ್ತಿರ ಅನಿಸುವುದು ಇದು.

ಇಲ್ಲೊಂದು ಹೆಮ್ಮೆಯ ಸಂಗತಿಯೂ ಇದೆ. 1985ರಲ್ಲಿ ನಿಮ್ಹಾನ್ಸ್ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಶುರುಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಗೆ ಊರ ಹತ್ತಿರವೇ ಔಷಧಿ ಸಿಗುವಂತೆ ಮಾಡುವುದು ಇದರ ಗುರಿ. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದದ್ದು ಈ 'ಬಳ್ಳಾರಿ ಮಾದರಿ'ಯ ಮೇಲೆಯೇ. ಹುಚ್ಚಾಸ್ಪತ್ರೆಯ ದಾರಿಯೇ ಕಾಣದಿದ್ದ ಸೀಮೆ, ಗೋಡೆಯಿಲ್ಲದ ಚಿಕಿತ್ಸೆಗೆ ದೇಶಕ್ಕೇ ದಾರಿ ತೋರಿಸಿತು!

ಆದರೆ ಔಷಧಿ ಬಂದ ಮಾತ್ರಕ್ಕೆ ಹಿಂದಿನ ಕೋಣೆಯ ಬಾಗಿಲು ತೆರೆಯಲ್ಲ. 2001ರಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿಹಾಕಿದ್ದ ಮಾನಸಿಕ ರೋಗಿಗಳು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಮಂದಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿಯನ್ನು ನಿಷೇಧಿಸಿದೆ. ಮನೆಯವರು ಬೇಡ ಅಂದರು ಅನ್ನೋ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಉಳಿಸಿಕೊಳ್ಳುವ ಹಾಗಿಲ್ಲ, ಸಮಾಜದಲ್ಲಿ ಬದುಕುವುದು ಅವರ ಹಕ್ಕು ಅಂತಲೂ ಹೇಳಿದೆ. ಕಾನೂನು ಹೀಗೆ ಹೇಳಬೇಕಾಗಿ ಬಂತು ಅಂದರೇ ಗೊತ್ತಾಗುತ್ತೆ, ಕಾವೇರಿಯರು ಇನ್ನೂ ಇದ್ದಾರೆ.

ಹಾಗಾಗಿ ಬರೆಯುವ ಹುಮ್ಮಸ್ಸಿರುವ ಗೆಳತಿಯರೇ, ಗೆಳೆಯರೇ, ಇಲ್ಲಿಂದ ಸಾಲ್ಪೆಟ್ರಿಯೇರನ್ನು ಕಲ್ಪಿಸಿಕೊಳ್ಳೋ ಕಷ್ಟ ಬೇಡ. ಮನೆಯ ಹಿರಿಯ ಹೆಂಗಸರನ್ನು ಮೆಲ್ಲಗೆ ಕೇಳಿ: 'ನಮ್ಮ ವಂಶದಾಗ ಯಾರ ಹೆಸರು ಯಾರೂ ತಗಿಯಂಗಿಲ್ಲ, ಅಮ್ಮಾ?' ದಾಖಲೆ ಇಲ್ಲದ್ದು ನಡೆದೇ ಇಲ್ಲ ಅನ್ನೋದು ಅಧಿಕಾರದ ಮಾತು. ಅದನ್ನು ಒಪ್ಪದಿರುವ ಸ್ವಾತಂತ್ರ್ಯ ಕಾದಂಬರಿಗಿದೆ.