ಮೊಹರು ಒಡೆಯುವ ಕೈ

ಲಂಚದ ಪ್ರಕರಣಗಳಲ್ಲಿ ಲೋಕಾಯುಕ್ತ ಪೊಲೀಸರು ನೋಟಿಗೆ ಮೊದಲೇ ಫಿನಾಫ್ತಲೀನ್ ಪುಡಿ ಸವರಿರುತ್ತಾರೆ. ಹಣ ಮುಟ್ಟಿದ ಬೆರಳನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಪಿಯುಸಿಯಲ್ಲಿ ಟೈಟ್ರೇಷನ್ ಮಾಡಿದವರಿಗೆಲ್ಲ ಗೊತ್ತಿರುವ ಬಣ್ಣ. ಆ ನೀರನ್ನು ಸೀಸೆಗೆ ತುಂಬಿ, ಪಂಚರ ಎದುರು ಮೊಹರು ಹಾಕಿ, ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅಲ್ಲಿ ಮೊಹರು ಕೆಟ್ಟಿಲ್ಲವೆಂದು ಖಾತ್ರಿ ಮಾಡಿಕೊಂಡು, ಒಡೆದು, ಪರೀಕ್ಷಿಸಿ, ವರದಿಗೆ ಸಹಿ ಹಾಕುವವರೇ ವಿಧಿವಿಜ್ಞಾನಿ.

ಧಾರಾವಾಹಿಗಳಲ್ಲಿ ರಕ್ತ ಪರೀಕ್ಷಿಸುವವನೂ ಗುಂಡು ಗುರುತಿಸುವವನೂ ಒಬ್ಬನೇ. ಬೆಂಗಳೂರಿನ ಮಡಿವಾಳದ ಪ್ರಯೋಗಾಲಯದಲ್ಲಿ ಹಾಗಲ್ಲ. ವಿಷ, ಡಿಎನ್‌ಎ, ಬಂದೂಕು, ದಸ್ತಾವೇಜು, ಮೊಬೈಲ್ ಮತ್ತು ಕಂಪ್ಯೂಟರ್ ಹೀಗೆ ಒಂದೊಂದಕ್ಕೂ ಬೇರೆ ವಿಭಾಗ, ಬೇರೆ ಓದು. ಕೀಟನಾಶಕ ಕುಡಿದು ಸತ್ತರೆಂಬ ಶಂಕೆಯಿದ್ದರೆ ಜಠರ, ಯಕೃತ್ತಿನ ಭಾಗಗಳು ಉಪ್ಪುನೀರಿನ ಜಾಡಿಯಲ್ಲಿ ಬರುತ್ತವೆ. ಅದು ರಸಾಯನಶಾಸ್ತ್ರಜ್ಞರ ಪಾಲು. ಮರಣೋತ್ತರ ಪರೀಕ್ಷೆಯ ದಾರಿಯೇ ಬೇರೆ: ಅದಕ್ಕೆ ಎಂಬಿಬಿಎಸ್ ಬೇಕು, ಪರಿಣತಿಗೆ ನ್ಯಾಯವೈದ್ಯಶಾಸ್ತ್ರದಲ್ಲಿ ಎಂಡಿ.

ಮೂಲವಿಜ್ಞಾನ ಗಟ್ಟಿಯಿದ್ದವರೇ ಈ ವೃತ್ತಿಯಲ್ಲಿ ಉಳಿಯುತ್ತಾರೆ ಎಂದು ನಾನು ಹೇಳುವುದು ಸುಮ್ಮನೆ ಅಲ್ಲ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕೇಂದ್ರ ಶುರುವಾದಾಗ, ರಾಶಿ ಬಿದ್ದ ಅಚ್ಚುಗಳಲ್ಲಿ ಬೇಕಾದದ್ದನ್ನು ಹುಡುಕುವ ವರ್ಗೀಕರಣಕ್ಕೆ ಗಣಿತದ ತಳಹದಿ ಹಾಕಿದವರು ಅಜೀಜುಲ್ ಹಕ್. ಹೇಮಚಂದ್ರ ಬೋಸ್ ಜೊತೆಗಿದ್ದರು. ಪದ್ಧತಿಗೆ ಮಾತ್ರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರು ಬಿತ್ತು. ನನಗೆ ಇದು ಇಂದಿಗೂ ಅನ್ಯಾಯವೆನಿಸುತ್ತದೆ.

ಕೆಲಸದ ಅವಕಾಶ ಈಗ ಹೆಚ್ಚಲು ಕಾರಣ ಕಾನೂನು. 2024ರ ಜುಲೈ 1ರಂದು ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಂ ಪ್ರಕಾರ, ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯಾಗಬಲ್ಲ ಅಪರಾಧ ನಡೆದ ಸ್ಥಳಕ್ಕೆ ವಿಧಿವಿಜ್ಞಾನ ತಜ್ಞರು ಹೋಗಲೇಬೇಕು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಕಾಲಾವಕಾಶವಿದೆ. ಕರ್ನಾಟಕ ಅಪರಾಧ ಸ್ಥಳಕ್ಕೆಂದೇ ‘ಸೋಕೊ’ ಅಧಿಕಾರಿಗಳನ್ನು ನೇಮಿಸಿಕೊಂಡಿದೆ. ಮೈಸೂರು, ಮಂಗಳೂರು, ದಾವಣಗೆರೆ, ಬೆಳಗಾವಿ, ಕಲಬುರಗಿಗಳಲ್ಲಿ ಪ್ರಾದೇಶಿಕ ಪ್ರಯೋಗಾಲಯಗಳಿವೆ. ಸರ್ಕಾರದ ಹೊರಗೆ ಬ್ಯಾಂಕು, ವಿಮಾ ಕಂಪನಿ, ಸೈಬರ್ ಭದ್ರತೆಯ ಸಂಸ್ಥೆಗಳೂ ದಸ್ತಾವೇಜು, ಡಿಜಿಟಲ್ ಪರಿಣತರನ್ನು ಹುಡುಕುತ್ತವೆ.

ಓದಲು ದೂರ ಹೋಗಬೇಕಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ ವಿಭಾಗವಿದೆ. ಗಾಂಧಿನಗರದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಕೂಡ ಧಾರವಾಡಕ್ಕೆ ಬಂದಿದೆ.

ಆದರೆ ಪದವಿಯೊಂದೇ ಸಾಲದು. ಬರೆದ ವರದಿಯನ್ನು ಸಾಕ್ಷಿಕಟ್ಟೆಯಲ್ಲಿ ನಿಂತು, ಪಾಟೀಸವಾಲಿಗೆ ಕುಗ್ಗದೆ ಸಮರ್ಥಿಸಬೇಕು. ವಿಜ್ಞಾನಕ್ಕೂ ಎಲ್ಲೆಯಿದೆ ಎಂಬ ಅರಿವಿರಬೇಕು. ಬೆಂಗಳೂರಿನ ಪ್ರಯೋಗಾಲಯ ಒಂದು ಕಾಲಕ್ಕೆ ಮಂಪರು ಪರೀಕ್ಷೆಗೆ ದೇಶದಲ್ಲೇ ಹೆಸರಾಗಿತ್ತು. ವ್ಯಕ್ತಿಯ ಒಪ್ಪಿಗೆಯಿಲ್ಲದೆ ಅದನ್ನು ನಡೆಸಕೂಡದೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದ್ದು ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿಯೇ.

ಕೋರ್ಸಿಗೆ ಹಣ ಕಟ್ಟುವ ಮುನ್ನ ಮಕ್ಕಳೂ ಪೋಷಕರೂ ಎರಡು ಕೆಲಸ ಮಾಡಿ. ಹಳೆಯ ನೇಮಕಾತಿ ಅಧಿಸೂಚನೆ ತೆರೆದು, ಯಾವ ಹುದ್ದೆಗೆ ಯಾವ ವಿಷಯದ ಪದವಿ ಕೇಳಿದ್ದಾರೆಂದು ಓದಿ. ಕಾಲೇಜಿಗೆ ಹೋಗಿ, ಪ್ರಯೋಗಾಲಯವನ್ನು ಕಣ್ಣಾರೆ ನೋಡಿ ಬನ್ನಿ.