ಬೆನ್ನಿಗೆ ಚೀಲ, ಎದುರಿಗೆ ಕಾಡು

ಎರಡನೇ ಮಹಾಯುದ್ಧದ ಮೊದಲ ವರ್ಷಗಳಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಅಟ್ಲಾಂಟಿಕ್ ಸಾಗರದಲ್ಲಿ ಬ್ರಿಟನ್ನಿನ ಸರಕು ಹಡಗುಗಳನ್ನು ಒಂದಾದ ಮೇಲೊಂದರಂತೆ ಮುಳುಗಿಸುತ್ತಿದ್ದವು. ಹಡಗು ಹೋದ ಮೇಲೆ ಜೀವರಕ್ಷಕ ದೋಣಿ ಹತ್ತಿದವರಲ್ಲಿ ಯಾರು ಉಳಿಯುತ್ತಾರೆ, ಯಾರು ಅಳಿಯುತ್ತಾರೆ ಎಂಬುದನ್ನು ಬ್ಲೂ ಫನಲ್ ಹಡಗು ಕಂಪನಿಯ ಲಾರೆನ್ಸ್ ಹೋಲ್ಟ್ ಗಮನಿಸುತ್ತ ಬಂದಿದ್ದರು. ಅವರಿಗೆ ಕಂಡದ್ದು ಯಾರೂ ನಿರೀಕ್ಷಿಸದ ಸಂಗತಿ. ಮೈಯಲ್ಲಿ ಕಸುವಿದ್ದ ಎಳೆಯ ನಾವಿಕರು ಬೇಗ ಕೈಚೆಲ್ಲುತ್ತಿದ್ದರು. ಹಾಯಿಹಡಗಿನ ಕಾಲದಿಂದ ಗಾಳಿ ಮಳೆಗೆ ಮೈಯೊಡ್ಡಿ ಪಳಗಿದ್ದ ಹಿರಿಯರು ದಿನಗಟ್ಟಲೆ ತಡೆದುಕೊಂಡು ದಡ ಸೇರುತ್ತಿದ್ದರು.

ಹೋಲ್ಟ್ ಈ ಚಿಂತೆಯನ್ನು ಕುರ್ಟ್ ಹಾನ್ ಎಂಬ ಶಿಕ್ಷಣತಜ್ಞರ ಮುಂದಿಟ್ಟರು. ಹಾನ್ ಮೂಲತಃ ಜರ್ಮನಿಯವರು. ಸಾಲೆಂ ಎಂಬಲ್ಲಿ ಶಾಲೆ ನಡೆಸುತ್ತಿದ್ದ ಅವರು ಹಿಟ್ಲರನನ್ನು ಬಹಿರಂಗವಾಗಿ ವಿರೋಧಿಸಿ 1933ರಲ್ಲಿ ಸೆರೆಮನೆ ಸೇರಿ, ಬಿಡುಗಡೆಯಾದ ಮೇಲೆ ಬ್ರಿಟನ್ನಿಗೆ ಬಂದು, ಮರುವರ್ಷ ಸ್ಕಾಟ್ಲೆಂಡಿನಲ್ಲಿ ಗಾರ್ಡನ್‌ಸ್ಟನ್ ಶಾಲೆ ತೆರೆದಿದ್ದರು. ಪಾಠದ ಕೋಣೆಯಷ್ಟೇ ಕಡಲು, ಬೆಟ್ಟಗಳೂ ಹುಡುಗರನ್ನು ತಿದ್ದುತ್ತವೆ ಎಂಬುದು ಅವರ ಗಟ್ಟಿ ನಂಬಿಕೆ. ಇಬ್ಬರೂ ಸೇರಿ 1941ರ ಅಕ್ಟೋಬರಿನಲ್ಲಿ ವೇಲ್ಸ್‌ನ ಅಬರ್‌ಡೋವಿ ಎಂಬ ಕಡಲತಡಿಯ ಊರಿನಲ್ಲಿ ಸುಮಾರು ಒಂದು ತಿಂಗಳ ತರಬೇತಿ ಶುರುಮಾಡಿದರು. ದೋಣಿ ನಡೆಸುವುದು, ಬೆಟ್ಟ ಹತ್ತುವುದು, ಅಪಾಯದಲ್ಲಿರುವವರನ್ನು ಪಾರುಮಾಡುವುದು, ತಂಡದ ಕೆಲಸ ತಾವೇ ಹಂಚಿಕೊಳ್ಳುವುದು ಅಲ್ಲಿನ ಪಾಠಗಳು. ‘ಔಟ್‌ವರ್ಡ್ ಬೌಂಡ್’ ಎಂಬ ಹೆಸರಿನ ಆ ಶಾಲೆ ಇಂದು 30ಕ್ಕೂ ಹೆಚ್ಚು ದೇಶಗಳಿಗೆ ಹಬ್ಬಿದೆ. ಅಮೆರಿಕದಲ್ಲಿ ಅದರ ಮೊದಲ ಶಾಖೆ ಕೊಲರಾಡೊ ಬೆಟ್ಟಗಳಲ್ಲಿ 1962ರಲ್ಲಿ ತೆರೆಯಿತು.

ಯುದ್ಧ ಮುಗಿದರೂ ಈ ಶಾಲೆಗಳಿಗೆ ಕೆಲಸ ತಪ್ಪಲಿಲ್ಲ. ದೋಣಿಯಲ್ಲಿ ಬದುಕುಳಿಯುವುದನ್ನು ಕಲಿಸಲು ಹುಟ್ಟಿದ ತರಬೇತಿ, ಶಾಲೆ ಕಾಲೇಜಿನ ಮಕ್ಕಳ ಮನಸ್ಸಿಗೂ ಏನೋ ಒಳ್ಳೆಯದು ಮಾಡುತ್ತಿದೆ ಎಂಬುದು ಶಿಕ್ಷಕರಿಗೂ ಪಾಲಕರಿಗೂ ಕಾಣತೊಡಗಿತ್ತು. ಆ ‘ಏನೋ’ ಯಾವುದು ಎಂಬುದನ್ನು ಸಂಶೋಧಕರು ಐದು ದಶಕಗಳಿಂದ ಹುಡುಕುತ್ತಿದ್ದಾರೆ.

ಇಂಥ ತರಬೇತಿಗಳಲ್ಲಿ ‘ಸೋಲೊ’ ಎಂಬ ಒಂದು ಘಟ್ಟವಿದೆ. ಹಲವು ದಿನ ಒಟ್ಟಿಗೆ ನಡೆದು, ಒಟ್ಟಿಗೆ ಅಡುಗೆ ಮಾಡಿ ಉಂಡ ಮೇಲೆ ತಂಡದ ಒಬ್ಬೊಬ್ಬರನ್ನೂ ಕಾಡಿನ ಒಂದೊಂದು ಜಾಗದಲ್ಲಿ ಬಿಡುತ್ತಾರೆ. ಕೈಯಲ್ಲಿ ಟಾರ್ಪಾಲು, ಹಗ್ಗ, ಸ್ಲೀಪಿಂಗ್ ಬ್ಯಾಗ್, ನೀರು, ಒಂದಿಷ್ಟು ತಿನಿಸು, ಬರೆಯಲು ನೋಟ್‌ಬುಕ್, ಅಪಾಯವಾದರೆ ಊದಲು ಒಂದು ಸೀಟಿ. ಫೋನಿಲ್ಲ, ಗಡಿಯಾರವೂ ಇಲ್ಲ. ಇರಬೇಕಾದದ್ದು ಕೆಲವು ಗಂಟೆಯಿಂದ ಒಂದೆರಡು ದಿನದವರೆಗೆ. ಶಿಕ್ಷಕರು ದೂರದಿಂದಲೇ ಕಣ್ಣಿಟ್ಟಿರುತ್ತಾರೆ, ಮಾತಾಡಿಸುವುದಿಲ್ಲ. ಟಾರ್ಪಾಲನ್ನು ಯಾವ ಮರಕ್ಕೆ ಕಟ್ಟಬೇಕು, ಮಳೆ ಯಾವ ಕಡೆಯಿಂದ ಬಂದೀತು, ಇರುವ ತಿನಿಸನ್ನು ಈಗಲೇ ಮುಗಿಸಬೇಕೋ ರಾತ್ರಿಗೆ ಉಳಿಸಬೇಕೋ ಎಲ್ಲವನ್ನೂ ಆ ಹುಡುಗ ಅಥವಾ ಹುಡುಗಿಯೇ ತೀರ್ಮಾನಿಸಬೇಕು. ಗಂಟು ಸಡಿಲವಾದರೆ ನಡುರಾತ್ರಿ ನೆನೆಯುವವರೂ ಅವರೇ. ಅಂಕ ಕೊಡುವವರಿಲ್ಲ, ಗದರುವವರಿಲ್ಲ. ತಪ್ಪಾಗಿದ್ದರೆ ಮಳೆಯೇ ಹೇಳುತ್ತದೆ.

ಇಂಥ ತರಬೇತಿಯ ಫಲವನ್ನು ಅಳೆಯುವ ದೊಡ್ಡ ಪ್ರಯತ್ನ ನಡೆದದ್ದು 1997ರಲ್ಲಿ. ಜಾನ್ ಹ್ಯಾಟಿ ಮತ್ತು ಸಂಗಡಿಗರು ಇಂಥ ಸಾಹಸ ಶಿಬಿರಗಳ ಬಗೆಗಿನ 96 ಅಧ್ಯಯನಗಳನ್ನು, ಅಂದರೆ 12 ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಹಾಕಿ ಜಾಲಾಡಿದರು. ಆತ್ಮವಿಶ್ವಾಸ, ಸ್ವನಿಯಂತ್ರಣ, ತೀರ್ಮಾನ ಕೈಗೊಳ್ಳುವ ಶಕ್ತಿಯಂಥ ಗುಣಗಳಲ್ಲಿ ಸಾಧಾರಣ ಪ್ರಮಾಣದ, ಆದರೆ ಸ್ಪಷ್ಟವಾದ ಏಳಿಗೆ ಕಂಡಿತು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಶಾಲೆಗಳಲ್ಲಿ ಕೈಗೊಳ್ಳುವ ಬಹುಪಾಲು ವಿಶೇಷ ಕಾರ್ಯಕ್ರಮಗಳ ಪರಿಣಾಮ ಕೆಲವೇ ತಿಂಗಳಲ್ಲಿ ಕರಗಿಹೋಗುತ್ತದೆ. ಇಲ್ಲಿ ಹಾಗಾಗಲಿಲ್ಲ, ಶಿಬಿರ ಮುಗಿದು ಮನೆಗೆ ಮರಳಿದ ಮೇಲೂ ಅದು ಬೆಳೆಯುತ್ತಲೇ ಇತ್ತು. ಎಲ್ಲ ಶಿಬಿರಗಳೂ ಒಂದೇ ಗುಣಮಟ್ಟದವಲ್ಲ ಎಂಬುದೂ ಅದೇ ವಿಶ್ಲೇಷಣೆಯಿಂದ ಗೊತ್ತಾಯಿತು. 20 ದಿನ ಮೀರಿದ ಶಿಬಿರಗಳ ಫಲ ಚಿಕ್ಕವುಗಳಿಗಿಂತ ಚೆನ್ನಾಗಿತ್ತು.

ಕಾಡಿನ ಪಾತ್ರವೇನು ಎಂಬ ಪ್ರಶ್ನೆಯನ್ನು ಬೇರೊಂದು ಬದಿಯಿಂದ ಹಿಡಿದವರು ಮಿಷಿಗನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ದಂಪತಿ ರೇಚಲ್ ಮತ್ತು ಸ್ಟೀಫನ್ ಕಪ್ಲಾನ್. 1970ರ ದಶಕದಲ್ಲಿ ಅವರು ಅಮೆರಿಕದ ಅರಣ್ಯ ಇಲಾಖೆಯ ನೆರವಿನಿಂದ, ಮಿಷಿಗನ್ನಿನ ಉತ್ತರದ ಕಾಡುಗಳಲ್ಲಿ ಬೆನ್ನಿಗೆ ಚೀಲ ಹೊತ್ತು ನಡೆದವರನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಅವರಲ್ಲಿ ಪ್ರೌಢಶಾಲೆಯ ಮಕ್ಕಳೂ ಇದ್ದರು. ಹೋಗಿಬಂದವರ ಮಾತಿನಲ್ಲಿ ಮತ್ತೆ ಮತ್ತೆ ಬಂದದ್ದು ಸಾಹಸದ ಹೆಮ್ಮೆಗಿಂತ ಹೆಚ್ಚಾಗಿ ಮನಸ್ಸು ತಿಳಿಯಾದ ಅನುಭವ. ಇದರಿಂದ ಕಪ್ಲಾನ್ ದಂಪತಿ ಒಂದು ಸಿದ್ಧಾಂತ ಕಟ್ಟಿದರು. ಓದು, ಪರೀಕ್ಷೆ, ರಸ್ತೆ ದಾಟುವುದು, ಪರದೆ ನೋಡುವುದು ಇವಕ್ಕೆಲ್ಲ ನಾವು ಬಲವಂತವಾಗಿ ಗಮನ ಕೊಡಬೇಕು. ಆ ಶಕ್ತಿ ದಣಿಯುತ್ತದೆ. ದಣಿದಾಗ ಸಿಡುಕು ಬರುತ್ತದೆ, ತಪ್ಪುಗಳಾಗುತ್ತವೆ, ತಾಳ್ಮೆ ಕೆಡುತ್ತದೆ. ಹರಿಯುವ ಹೊಳೆ, ಎಲೆಗಳ ಅಲುಗಾಟ, ಮೋಡಗಳ ಓಟ ನಮ್ಮ ಗಮನವನ್ನು ತಾವಾಗಿಯೇ, ಬಲವಂತವಿಲ್ಲದೆ ಸೆಳೆಯುತ್ತವೆ. ಅಷ್ಟು ಹೊತ್ತು ದಣಿದ ಶಕ್ತಿಗೆ ಬಿಡುವು ಸಿಗುತ್ತದೆ.

ಈ ವಿವರಣೆಗೆ ಹೊಂದುವ ಒಂದು ಪ್ರಯೋಗ 2012ರಲ್ಲಿ ಪ್ರಕಟವಾಯಿತು. ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತು ಸಂಗಡಿಗರು ಔಟ್‌ವರ್ಡ್ ಬೌಂಡ್‌ನ 56 ಚಾರಣಿಗರಿಗೆ ಸೃಜನಶೀಲತೆಯ ಪರೀಕ್ಷೆಯೊಂದನ್ನು ಕೊಟ್ಟರು. ಮೂರು ಪದಗಳನ್ನು ಜೋಡಿಸುವ ನಾಲ್ಕನೆಯ ಪದ ಹುಡುಕುವುದು, ಇಂಥ ಹತ್ತು ಪ್ರಶ್ನೆ. ಚಾರಣ ಹೊರಡುವ ಮುನ್ನ ಬರೆದವರು ಸರಾಸರಿ ನಾಲ್ಕಕ್ಕೆ ಸರಿಯುತ್ತರ ಕೊಟ್ಟರೆ, ಫೋನಿಲ್ಲದೆ ಕಾಡಿನಲ್ಲಿ ದಿನ ಕಳೆದು ನಾಲ್ಕನೇ ದಿನ ಬರೆದವರು ಆರಕ್ಕೆ ಕೊಟ್ಟರು. ಕೆಲಸ ಮಾಡಿದ್ದು ಕಾಡೋ, ಫೋನ್ ಇಲ್ಲದ್ದೋ ಎಂದು ಬಿಡಿಸಿ ಹೇಳಲು ಈ ಪ್ರಯೋಗಕ್ಕೆ ಸಾಧ್ಯವಿರಲಿಲ್ಲ, ಅದನ್ನು ಸಂಶೋಧಕರೇ ಒಪ್ಪಿದ್ದರು. 2014ರಲ್ಲಿ ಲಾಸ್ ಏಂಜಲಿಸ್‌ನ ಸಂಶೋಧಕರು ಆರನೇ ತರಗತಿಯ 51 ಮಕ್ಕಳನ್ನು ಐದು ದಿನ ಯಾವ ಪರದೆಯೂ ಇಲ್ಲದ ಪ್ರಕೃತಿ ಶಿಬಿರದಲ್ಲಿಟ್ಟು ನೋಡಿದಾಗ, ಮುಖ ನೋಡಿ ಎದುರಿನವರ ಭಾವ ಗುರುತಿಸುವುದರಲ್ಲಿ ಅವರು ಊರಲ್ಲೇ ಉಳಿದ ಸಹಪಾಠಿಗಳಿಗಿಂತ ಹೆಚ್ಚು ಸುಧಾರಿಸಿದ್ದರು. ಅಲ್ಲಿಯೂ ಕಾಡು, ಗೆಳೆಯರ ಒಡನಾಟ, ಪರದೆಯ ಗೈರುಹಾಜರಿ ಮೂರೂ ಹೆಣೆದುಕೊಂಡಿವೆ. ಬಹುಶಃ ಮೂರನ್ನೂ ಬೇರ್ಪಡಿಸುವ ಅಗತ್ಯ ಮಕ್ಕಳಿಗಿಲ್ಲ. ಅವರಿಗೆ ಬೇಕಿರುವುದು ಮೂರೂ ಒಟ್ಟಿಗೆ.

ನಿದ್ದೆಯ ವಿಷಯದಲ್ಲಿ ಮಾತ್ರ ಕಾರಣ ಹೆಚ್ಚು ನಿಚ್ಚಳ. ಕೊಲರಾಡೊ ವಿಶ್ವವಿದ್ಯಾಲಯದ ಕೆನೆತ್ ರೈಟ್ 2013ರಲ್ಲಿ ಎಂಟು ಜನರನ್ನು ಒಂದು ವಾರ ರಾಕಿ ಪರ್ವತಗಳಿಗೆ ಕರೆದೊಯ್ದರು. ಬೆಳಕೆಂದರೆ ಸೂರ್ಯ ಮತ್ತು ಶಿಬಿರದ ಬೆಂಕಿ ಮಾತ್ರ. ಟಾರ್ಚಿಗೂ ಅನುಮತಿ ಇರಲಿಲ್ಲ. ನಿದ್ದೆಗೆ ಸೂಚನೆ ಕೊಡುವ ಮೆಲಟೋನಿನ್ ಎಂಬ ಹಾರ್ಮೋನು ಅವರ ದೇಹದಲ್ಲಿ ಏರುವ ಹೊತ್ತು ಸುಮಾರು ಎರಡು ಗಂಟೆ ಮೊದಲೇ ಬರತೊಡಗಿತು. ಅವರು ವಯಸ್ಕರು, ಅದೂ ಬೆರಳೆಣಿಕೆಯವರು. ಆದರೂ ಹದಿಹರೆಯದವರಿರುವ ಮನೆಗಳಲ್ಲಿ ಈ ಮಾಹಿತಿಗೆ ಬೆಲೆಯಿದೆ. ಆ ವಯಸ್ಸಿನಲ್ಲಿ ದೇಹದ ಗಡಿಯಾರ ತಾನಾಗಿಯೇ ತಡವಾಗಿ ಓಡುತ್ತದೆ; ರಾತ್ರಿ ಹಾಸಿಗೆಯಲ್ಲಿ ಬೆಳಗುವ ಮೊಬೈಲ್ ಅದನ್ನು ಇನ್ನಷ್ಟು ದೂಡುತ್ತದೆ. ಮಗ ಬೆಳಿಗ್ಗೆ ಏಳುವುದಿಲ್ಲ, ಸೋಮಾರಿ ಎಂದು ಬೈಯುವ ಮೊದಲು ಅವನ ಹಗಲಿಗೆ ಎಷ್ಟು ಬಿಸಿಲು ಸಿಗುತ್ತಿದೆ ಎಂದು ನೋಡುವುದು ನ್ಯಾಯ.

2018ರ ಇನ್ನೊಂದು ಅಧ್ಯಯನ ನದಿಯದು. ಬರ್ಕ್ಲಿಯ ಸಂಶೋಧಕರು ಮಾಜಿ ಸೈನಿಕರನ್ನೂ ಸೌಲಭ್ಯವಂಚಿತ ಬಡಾವಣೆಗಳ ಹದಿಹರೆಯದವರನ್ನೂ ರಾಫ್ಟಿಂಗ್‌ಗೆ ಕಳಿಸಿ, ಒಂದು ವಾರದ ನಂತರ ವಿಚಾರಿಸಿದರು. ಒತ್ತಡ ಇಳಿದಿತ್ತು, ನೆಮ್ಮದಿ ಹೆಚ್ಚಿತ್ತು. ಆ ಬದಲಾವಣೆಯೊಂದಿಗೆ ಎಲ್ಲಕ್ಕಿಂತ ಗಟ್ಟಿಯಾಗಿ ತಳುಕು ಹಾಕಿಕೊಂಡಿದ್ದ ಭಾವನೆ ಖುಷಿಯಲ್ಲ, ಹೆಮ್ಮೆಯೂ ಅಲ್ಲ. ತನಗಿಂತ ಬಹಳ ದೊಡ್ಡದೊಂದರ ಎದುರು ನಿಂತಾಗಿನ ಬೆರಗು. ಸದಾ ತನ್ನ ಅಂಕ, ತನ್ನ ಮುಖ, ತನ್ನ ಫೋಟೊಗೆ ಬಂದ ಲೈಕುಗಳನ್ನೇ ಎಣಿಸಬೇಕಾದ ವಯಸ್ಸಿನಲ್ಲಿ ‘ನಾನು’ ಎಂಬುದು ಕೆಲ ಗಂಟೆ ಚಿಕ್ಕದಾಗುವುದು ದೊಡ್ಡ ಬಿಡುಗಡೆ.

ಕಾಡಿಗೆ ಕಳಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆ ಮಾತ್ರ ಪ್ರಾಣ ತೆಗೆದಿದೆ. ಅಮೆರಿಕದ ಯೂಟಾ ಮತ್ತಿತರ ರಾಜ್ಯಗಳಲ್ಲಿ ‘ದಾರಿ ತಪ್ಪಿದ’ ಮಕ್ಕಳನ್ನು ವನ್ಯಚಿಕಿತ್ಸೆಯ ಹೆಸರಿನಲ್ಲಿ ಮರುಭೂಮಿಗೆ, ಕಾಡಿಗೆ ಕರೆದೊಯ್ಯುವ ಖಾಸಗಿ ಉದ್ಯಮವೇ ಬೆಳೆಯಿತು. ಪಾಲಕರ ಒಪ್ಪಿಗೆ ಪಡೆದು, ನಡುರಾತ್ರಿ ಅಪರಿಚಿತರು ಮಲಗುವ ಕೋಣೆಗೆ ಬಂದು ಮಗುವನ್ನು ಎಬ್ಬಿಸಿ ಕರೆದೊಯ್ಯುವ ಪದ್ಧತಿಯೂ ಇತ್ತು. 2007ರಲ್ಲಿ ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ ಇಂಥ ಕಾರ್ಯಕ್ರಮಗಳಲ್ಲಿ ಸತ್ತ ಹತ್ತು ಮಕ್ಕಳ ಪ್ರಕರಣಗಳನ್ನು ಸಂಸತ್ತಿನ ಮುಂದಿಟ್ಟಿತು. ಬಿಸಿಲಿನ ಝಳಕ್ಕೆ ಸಿಕ್ಕಿ, ನೀರಿಲ್ಲದೆ, ಚಿಕಿತ್ಸೆಯಿಲ್ಲದೆ ಅವರಲ್ಲಿ ಕೆಲವರು ಹೋದರು. ಕುಸಿದು ಬಿದ್ದವರನ್ನು ನಾಟಕವಾಡುತ್ತಿದ್ದಾರೆಂದು ಸಿಬ್ಬಂದಿ ಕಡೆಗಣಿಸಿದ್ದೂ ಉಂಟು. 2024ರ ಫೆಬ್ರುವರಿಯಲ್ಲಿ ನಾರ್ತ್ ಕೆರೊಲೈನಾದ ಶಿಬಿರವೊಂದರಲ್ಲಿ 12 ವರ್ಷದ ಬಾಲಕ ಬಂದ ಒಂದೇ ದಿನದೊಳಗೆ ತೀರಿಕೊಂಡ. ಅದೇ ವರ್ಷ ಡಿಸೆಂಬರಿನಲ್ಲಿ ಇಂಥ ಸಂಸ್ಥೆಗಳ ಮೇಲೆ ನಿಗಾ ಇಡುವ ದಿಕ್ಕಿನ ಒಂದು ಕಾಯ್ದೆಗೆ ಅಲ್ಲಿನ ಅಧ್ಯಕ್ಷರ ಅಂಕಿತ ಬಿತ್ತು.

ಅಬರ್‌ಡೋವಿಯ ಕಡಲಿಗೂ ಈ ಮರುಭೂಮಿಗೂ ಇರುವ ವ್ಯತ್ಯಾಸ ಬರೀ ಭೂಗೋಳದ್ದಲ್ಲ. ಒಂದೆಡೆ ಹುಡುಗರ ಕೈಗೆ ಜವಾಬ್ದಾರಿ ಬರುತ್ತದೆ. ಇನ್ನೊಂದೆಡೆ ಇದ್ದ ಅಧಿಕಾರವನ್ನೂ ಕಿತ್ತುಕೊಳ್ಳಲಾಗುತ್ತದೆ. ತಾನಾಗಿ ಹೊತ್ತ ಚೀಲದ ಭಾರವೇ ಬೇರೆ, ಶಿಕ್ಷೆಯೆಂದು ಹೊರಿಸಿದ ಚೀಲದ ಭಾರವೇ ಬೇರೆ. ತೀವ್ರ ಖಿನ್ನತೆ, ಜೀವ ತೆಗೆದುಕೊಳ್ಳುವ ಯೋಚನೆಯಿರುವ ಮಕ್ಕಳಿಗೆ ಮೊದಲು ಬೇಕಾದದ್ದು ವೈದ್ಯರು. ಬೆಟ್ಟ ಆಮೇಲೆ.

ನಮ್ಮಲ್ಲಿ ಸದ್ಯ ಕಾಣುವುದು ಬೇರೆಯದೇ ಅತಿರೇಕ. ವಾರಾಂತ್ಯ ಬಂತೆಂದರೆ ಬೆಂಗಳೂರಿನಿಂದ ರಾತ್ರಿ ಬಸ್ಸು ಹೊರಟು, ಬೆಳಗಿನ ಜಾವಕ್ಕೆ ಮಲೆನಾಡಿನ ಯಾವುದೋ ಬೆಟ್ಟದ ಬುಡದಲ್ಲಿ ನೂರಾರು ಯುವಕ ಯುವತಿಯರನ್ನು ಇಳಿಸುತ್ತದೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತಕ್ಕೆ ಜನ ಯಾವ ಪರಿ ನುಗ್ಗಿದರೆಂದರೆ, ಅರಣ್ಯ ಇಲಾಖೆ ಚಾರಣವನ್ನೇ ನಿಲ್ಲಿಸಿ ಆನ್‌ಲೈನ್ ಬುಕಿಂಗ್‌ನ ಮೊರೆಹೋಗಬೇಕಾಯಿತು. ಸಾಲಿನಲ್ಲಿ ನಿಂತು ಹತ್ತಿ, ಸೆಲ್ಫಿ ತೆಗೆದು, ಇಳಿದುಬಂದವರಿಗೆ ವ್ಯಾಯಾಮವಾಗಿರುತ್ತದೆ, ಖುಷಿಯೂ ಆಗಿರುತ್ತದೆ. ಸಂಶೋಧಕರು ಅಳೆದದ್ದು ಅದನ್ನಲ್ಲ. ದಿನಗಟ್ಟಲೆ ಅವಧಿ, ಚಿಕ್ಕ ತಂಡ, ಏಕಾಂತ, ತನ್ನ ತಪ್ಪಿಗೆ ತಾನೇ ಹೊಣೆ ಇವು ಯಾವುವೂ ಅಲ್ಲಿರುವುದಿಲ್ಲ.

ಕಾಡಿನ ಅಂಚಿನಲ್ಲೇ ಹುಟ್ಟಿ ಬೆಳೆಯುವ ಮಕ್ಕಳ ಮಾತು ಈ ಚರ್ಚೆಯಲ್ಲಿ ಬರುವುದೇ ಅಪರೂಪ. ಬಂಡೀಪುರ, ನಾಗರಹೊಳೆಯ ಸುತ್ತಲ ಹಳ್ಳಿಗಳ ಮಕ್ಕಳಿಗೆ ಕಾಡೆಂದರೆ ರಾತ್ರಿ ಹೊಲಕ್ಕೆ ನುಗ್ಗುವ ಆನೆ, ಕೊಟ್ಟಿಗೆಯ ಕರುವನ್ನು ಹೊತ್ತೊಯ್ಯುವ ಚಿರತೆ, ಶಾಲೆಯ ದಾರಿಯಲ್ಲಿನ ಭಯ. ಕಾಡು ಮನಸ್ಸಿಗೆ ತಂಪು ಎಂದು ಅವರಿಗೆ ಹೇಳಿದರೆ ಅದು ಅವರ ಬದುಕನ್ನು ಅರಿಯದ ಮಾತಾಗುತ್ತದೆ. ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ 2018ರಲ್ಲಿ ಆರಂಭಿಸಿದ ‘ವೈಲ್ಡ್ ಶಾಲೆ’ ಈ ಮಕ್ಕಳಿಗಾಗಿಯೇ ರೂಪುಗೊಂಡದ್ದು. 10ರಿಂದ 13 ವರ್ಷದವರಿಗೆ ಅವರ ಸರ್ಕಾರಿ ಶಾಲೆಯಲ್ಲೇ ಆಟ, ಚಿತ್ರ, ಕಥೆಗಳ ಮೂಲಕ ಪ್ರಾಣಿಗಳ ಸ್ವಭಾವ ಪರಿಚಯಿಸುತ್ತಾರೆ, ಅವು ಎದುರಾದಾಗ ಹೇಗಿರಬೇಕೆಂದು ತಿಳಿಸುತ್ತಾರೆ. ನಗರದ ಮಗುವಿಗೆ ಕಾಡಿನ ಪರಿಚಯ ಬೇಕು. ಈ ಮಗುವಿಗೆ ಮೊದಲು ಬೇಕಿರುವುದು ಅಭಯ.

ಪೇಟೆಯ ಶಾಲೆಗಳಿಗೂ ದುಬಾರಿ ಶಿಬಿರಗಳೇ ಬೇಕೆಂದೇನಿಲ್ಲ. ಕರ್ನಾಟಕದ ಅರಣ್ಯ ಇಲಾಖೆ ‘ಚಿಣ್ಣರ ವನದರ್ಶನ’ದಡಿ ಸರ್ಕಾರಿ ಶಾಲೆಗಳ ಮಕ್ಕಳನ್ನು ಕಾಡಿಗೆ ಕರೆದೊಯ್ಯುತ್ತದೆ. ಕುರ್ಟ್ ಹಾನ್ ಪ್ರೇರಣೆಯಿಂದಲೇ 1956ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಡ್ಯೂಕ್ ಆಫ್ ಎಡಿನ್‌ಬರೊ ಪ್ರಶಸ್ತಿ ಭಾರತದಲ್ಲಿ ‘ಇಂಟರ್‌ನ್ಯಾಷನಲ್ ಅವಾರ್ಡ್ ಫಾರ್ ಯಂಗ್ ಪೀಪಲ್’ ಹೆಸರಿನಲ್ಲಿ ನಡೆಯುತ್ತಿದೆ. 14ರಿಂದ 24 ವರ್ಷದ ಯಾರೂ ಸೇರಬಹುದು. ಅದರ ಮೊದಲ ಹಂತದ ಪ್ರಯಾಣ ಎರಡು ಹಗಲು, ಒಂದು ರಾತ್ರಿಯದು. ಮೂರನೇ ಹಂತಕ್ಕೆ ನಾಲ್ಕು ಹಗಲು, ಮೂರು ರಾತ್ರಿ. ನಾಲ್ಕರಿಂದ ಏಳು ಜನರ ತಂಡ ನಕ್ಷೆ ಹರಡಿಕೊಂಡು ದಾರಿಯನ್ನು ತಾನೇ ಗೊತ್ತುಮಾಡಿಕೊಳ್ಳಬೇಕು, ಅಕ್ಕಿ ಬೇಳೆಯ ಲೆಕ್ಕ ತಾನೇ ಹಾಕಬೇಕು, ಸ್ಟವ್ ತಾನೇ ಹೊತ್ತಿಸಬೇಕು. ಜೊತೆಗೆ ಬರುವ ಶಿಕ್ಷಕರು ಅಪಾಯವಿದ್ದರೆ ಹೊರತು ನಡುವೆ ಬಾಯಿ ಹಾಕುವಂತಿಲ್ಲ. ಅನ್ನ ಸೀದರೆ ಸೀದದ್ದನ್ನೇ ಉಣ್ಣಬೇಕಾಗುತ್ತದೆ.